ಐರನ ಚರಿತ್ರೆಯಲ್ಲಿ ಪ್ರಮಾಣವಿಚಾರ

ಆಸ್ಟ್ರೇಲಿಯ ಖಂಡದ ಭೂಪಟವನ್ನು ಶಾಲೆಯಲ್ಲಿ ನೋಡಿದವರಿಗೆ ಐರ್ ಸರೋವರದ ಹೆಸರು ಅಪರಿಚಿತವಲ್ಲ. ೨೦೧೨ರಿಂದ ಈಚೆಗೆ ಅಲ್ಲಿಯ ಸರಕಾರವು ಮೂಲನಿವಾಸಿಗಳಾದ ಅರಬಾನ ಜನರು ಇಟ್ಟ ಹೆಸರನ್ನು ಮೊದಲಿಗಿರಿಸಿ ‘ಕಟಿ ತಂಡ–ಐರ್ ಸರೋವರ’ವೆಂದು ಅದನ್ನು ವ್ಯವಹರಿಸುತ್ತಿದೆ. ಆ ಹೆಸರಿನ ಪುರುಷನು ಎಡ್ವರ್ಡ್ ಜಾನ್ ಐರ್. ಭೂಮಂಡಲದ ಇನ್ನೊಂದು ಪಾರ್ಶ್ವದ ಜಮೈಕ ದ್ವೀಪದಲ್ಲಿ ಇದೇ ಹೆಸರು ನಾನೂರಕ್ಕೆ ಮೇಲ್ಪಟ್ಟ ಪ್ರಜೆಗಳ ವಧೆಯೊಡನೆ ಸೇರಿಕೊಂಡಿದೆ. ಒಂದು ನೆಲದಲ್ಲಿ ಸಾಹಸಿಯೆಂದೂ ಮೂಲನಿವಾಸಿಗಳ ಹಿತೈಷಿಯೆಂದೂ, ಇನ್ನೊಂದು ನೆಲದಲ್ಲಿ ಕ್ರೂರನೆಂದೂ ಪ್ರಸಿದ್ಧನಾದ ಈತನ ಚರಿತ್ರೆಯನ್ನು ಬರೆದವರು ಆಂಗ್ಲ ಭಾಷೆಯಲ್ಲಿ ಹಲವರಿದ್ದಾರೆ. ಅವರು ಬರೆದುದು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನೂ ಅಲಂಕಾರಗ್ರಂಥಗಳನ್ನೂ ಓದಿ ಬೆಳೆದ ನನಗೆ ಈ ವಿಷಯದಲ್ಲಿ ಅಧಿಕಾರವೇನೆಂದು ವಾಚಕರು ಕೇಳಬಹುದು. ವಿವಾದವು ಕೊನೆಗೆ ಬಂದು ನಿಲ್ಲುವುದು ಸಾಕ್ಷ್ಯವೆಂದರೇನು, ಊಹೆಯೆಂದರೇನು ಎಂಬಲ್ಲಿ. ಅದು ನಮ್ಮ ಶಾಸ್ತ್ರಕಾರರು ಬಹುಕಾಲ ಉತ್ತು ಬಿತ್ತಿದ ಕ್ಷೇತ್ರ. ಅಷ್ಟೇ ನನ್ನ ಸಮಾಧಾನ.

ಮೊದಲು ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವೆನು. ಐರನು ೧೮೧೫ನೆಯ ಆಗಸ್ಟಿನಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದನು. ಹದಿನೇಳರ ಪ್ರಾಯದಲ್ಲಿ ಆಸ್ಟ್ರೇಲಿಯಕ್ಕೆ ಹೊರಟು, ಕುರಿಗಳನ್ನು ಸಾಕಿ, ದನಕುರಿಗಳ ಹಿಂಡುಗಳನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ಅಡಿಲೇಡ್ ಪಟ್ಟಣಕ್ಕೆ ಮಾರಿದನು. ೧೮೪೦ರ ಜೂನಿನಲ್ಲಿ ಖಂಡದ ನಡುಭಾಗವನ್ನು ಕಾಣಬೇಕೆಂದು ಉತ್ತರಕ್ಕೆ ಹೊರಟವನು ಉಪ್ಪಿನ ಕೆಸರಿನ ಸರೋವರಗಳಿಂದ ತಡೆಯಲ್ಪಟ್ಟು, ಪಶ್ಚಿಮಕ್ಕೆ ತಿರುಗಿ, ಸಮುದ್ರತೀರವನ್ನು ಹಿಡಿದು ನಡೆದು, ೧೮೪೧ರ ಜುಲೈ ೭ರಂದು ಆಲ್ಬನಿಯನ್ನು ಮುಟ್ಟಿದನು. ಆಮೇಲೆ ೧೮೪೪ರ ವರೆಗೆ ಮರ್ರೆ ನದಿಯ ತೀರದ ಮೂರುಂಡಿಯಲ್ಲಿ ಮ್ಯಾಜಿಸ್ಟ್ರೇಟನೂ ಮೂಲನಿವಾಸಿಗಳ ರಕ್ಷಣಾಧಿಕಾರಿಯೂ ಆಗಿದ್ದನು. ೧೮೪೫ರಲ್ಲಿ ತನ್ನ ಪ್ರಯಾಣದ ದಿನಚರಿಯನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದನು. ನ್ಯೂಜೀಲೆಂಡಿನಲ್ಲಿ, ಬಳಿಕ ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಲೆಫ್ಟಿನೆಂಟ್ ಗವರ್ನರನಾಗಿ, ೧೮೬೨ರಲ್ಲಿ ಜಮೈಕಕ್ಕೆ ಹಂಗಾಮಿಯಾಗಿಯೂ ೧೮೬೪ರಲ್ಲಿ ಕಾಯಮ್ಮಾಗಿಯೂ ಗವರ್ನರನಾದನು. ೧೮೬೫ರ ಅಕ್ಟೋಬರ್ ತಿಂಗಳು ಅವನ ಹೆಸರನ್ನು ಕೆಡಿಸಿತು. ೧೯೦೧ರ ನವೆಂಬರ್ ೩೦ರಂದು ಡೆವನ್ ಪ್ರಾಂತದಲ್ಲಿ ತೀರಿಕೊಂಡನು.

ಈ ಬಾಳನ್ನು ಮೊದಲು ಗ್ರಂಥರೂಪಕ್ಕೆ ತಂದವನು ಹ್ಯಾಮಿಲ್ಟನ್ ಹ್ಯೂಮ್. ಅವನ ಪುಸ್ತಕವು ಹೊರಟದ್ದು ೧೮೬೭ರಲ್ಲಿ, ಐರನ ಮೇಲೆ ಕೊಲೆಯ ಆರೋಪವನ್ನು ಹೊರಿಸಲು ಒಂದು ಪಕ್ಷವು ಹವಣಿಸುತ್ತಿದ್ದಾಗ. ಕಾಲವನ್ನು ನೋಡಿದರೆ ಪ್ರಯೋಜನವು ತಾನೇ ತಿಳಿಯುತ್ತದೆ. ನಮ್ಮಲ್ಲಿ ಇಂತಹ ಕೃತಿಗಳ ಪರಿಚಯವಿಲ್ಲದಿಲ್ಲ. ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿದ್ದ ಬಿಲ್ಹಣನು ‘ವಿಕ್ರಮಾಂಕದೇವಚರಿತ’ದಲ್ಲಿ, ಅಣ್ಣನಾದ ಎರಡನೆಯ ಸೋಮೇಶ್ವರನ ಸಿಂಹಾಸನವನ್ನು ತಮ್ಮನಾದ ಆರನೆಯ ವಿಕ್ರಮಾದಿತ್ಯನು ಪಡೆದುದನ್ನು ಹೇಗೆ ಧರ್ಮಸಮ್ಮತವಾಗಿ ತೋರಿಸಿದ್ದಾನೆಂಬುದನ್ನು ಓದಿದವರು, ಹ್ಯೂಮನ ಪುಟಗಳನ್ನು ತಿರುವಿದಾಗ ಹಳೆಯ ಪರಿಚಯದವನನ್ನು ಕಂಡಂತೆ ಮುಗುಳ್ನಗುವರು. ಭೇದವಿಷ್ಟೇ: ಬಿಲ್ಹಣನು ಕವಿ, ಹ್ಯೂಮನು ವಕಾಲತ್ತಿನವನು. ಮರಳುಗಾಡಿನ ಕಷ್ಟಗಳನ್ನು ಹೃದಯಸ್ಪರ್ಶಿಯಾಗಿ ಹೇಳಿ, ಇಷ್ಟು ಕಷ್ಟಪಟ್ಟವನು ಅನ್ಯಾಯವನ್ನು ಮಾಡಿಯಾನೇ ಎಂಬ ಭಾವವನ್ನು ವಾಚಕನಲ್ಲಿ ಹುಟ್ಟಿಸುವುದು ಅವನ ಉಪಾಯ. ತಪಸ್ಸು ಮಾಡಿದವರೆಲ್ಲರೂ ಸಾಧುಗಳೆಂಬ ನಿಯಮವನ್ನು ನಮ್ಮ ಪುರಾಣಗಳೇ ಒಪ್ಪಿಲ್ಲ.

ಎರಡನೆಯವನು ಲಾರ್ಡ್ ಒಲಿವಿಯರ್. ಈತನು ೧೯೦೭ರಿಂದ ೧೯೧೩ರ ವರೆಗೆ ಸ್ವತಃ ಜಮೈಕದ ಗವರ್ನರನಾಗಿದ್ದವನು. ೧೯೨೪ರಲ್ಲಿ ಕೆಲವು ತಿಂಗಳು ಇಂಡಿಯಾ ಮಂತ್ರಿಯಾಗಿಯೂ ಇದ್ದನು. ೧೯೩೩ರ ಅವನ ಗ್ರಂಥವು ಐರನು ದ್ವೀಪವನ್ನು ಉಳಿಸಿದನೆಂಬ ಮಾತನ್ನು ಕಟ್ಟುಕಥೆಯೆಂದು ತೋರಿಸಲು ಹೊರಟಿದೆ. ಅದೇ ಕುರ್ಚಿಯಲ್ಲಿ ಕುಳಿತಿದ್ದವನ ಮಾತಾದುದರಿಂದ ಅದಕ್ಕೆ ತೂಕವುಂಟು. ಮೂರನೆಯವನು ಆಸ್ಟ್ರೇಲಿಯದ ಕವಿ ಜೆಫ್ರಿ ಡಟನ್. ೧೯೬೭ರ ಅವನ ಕೃತಿಯ ಹೆಸರನ್ನು ‘ಕೊಲೆಗಾರನಾಗಿ ನಾಯಕ’ ಎಂದು ಕನ್ನಡಿಸಬಹುದು. ನಾಯಕನನ್ನು ಕವಿಯಾಗಿ, ಪ್ರವಾದಿಯಾಗಿ, ರಾಜನಾಗಿ ವರ್ಣಿಸಿ ಉಪನ್ಯಾಸಮಾಡಿದ ಕಾರ್ಲೈಲನೇ ಐರನ ಪಕ್ಷಪಾತಿಗಳ ಮುಂದಾಳಾಗಿದ್ದನೆಂಬುದನ್ನು ಬಲ್ಲವರಿಗೆ ಈ ಹೆಸರಿನ ವ್ಯಂಗ್ಯವು ಹೊಳೆಯದಿರದು. ಈಚೆಗೆ ೨೦೦೨ರಲ್ಲಿ ಕ್ಯಾಥರೀನ್ ಹಾಲ್, ೨೦೦೫ರಲ್ಲಿ ಜೂಲಿ ಇವಾನ್ಸ್ ಎಂಬ ವಿದುಷಿಯರು ಐರನನ್ನು ಒಂಟಿ ವ್ಯಕ್ತಿಯಾಗಿ ನೋಡದೆ ಸಾಮ್ರಾಜ್ಯದ ಆಳ್ವಿಕೆಯ ಕ್ರಮದೊಳಗಿಟ್ಟು ನೋಡಿದ್ದಾರೆ.

ಇವರಲ್ಲಿ ಹೆಚ್ಚಿನವರನ್ನು ಕಾಡಿದ ಪ್ರಶ್ನೆ ಒಂದೇ: ದಯಾಳುವಾಗಿದ್ದವನು ನಿರ್ದಯನಾದುದು ಹೇಗೆ? ಈ ಪ್ರಶ್ನೆಯನ್ನು ಹಾಕಿಕೊಂಡೊಡನೆ ಎರಡೇ ದಾರಿಗಳು ಉಳಿಯುತ್ತವೆ. ದಯೆಯು ಸುಳ್ಳೆನ್ನಬೇಕು, ಇಲ್ಲವೆ ನಡುವೆ ಏನೋ ರೂಪಾಂತರವಾಯಿತೆನ್ನಬೇಕು. ಅಲಂಕಾರಶಾಸ್ತ್ರದ ದೃಷ್ಟಿಯಿಂದ ಇದು ನಾಯಕ ಪ್ರತಿನಾಯಕರನ್ನು ಒಂದೇ ಶರೀರದಲ್ಲಿ ಕೂಡಿಸುವ ಆಸೆ. ಅದು ಕಾವ್ಯಕ್ಕೆ ಒಪ್ಪೀತು. ರನ್ನನು ಗದಾಯುದ್ಧದಲ್ಲಿ ದುರ್ಯೋಧನನಿಗೆ ಮಹಿಮೆಯನ್ನು ತಂದುಕೊಟ್ಟಾಗ ಸಹೃದಯನು ತಲೆದೂಗುತ್ತಾನೆ. ಆದರೆ ದ್ಯೂತಸಭೆಯಲ್ಲಿ ನಡೆದುದೇನೆಂದು ಕೇಳಿದರೆ ಆ ತಲೆದೂಗುವಿಕೆಯು ಉತ್ತರವಾಗುವುದಿಲ್ಲ. ಚರಿತ್ರೆಯಲ್ಲಿ ಕೇಳಬೇಕಾದುದು, ಈ ಮನುಷ್ಯನು ತನಗೆ ತಿಳಿಯದ ವಿಷಯವನ್ನು ಹೇಗೆ ತಿಳಿದುಕೊಳ್ಳುತ್ತಿದ್ದನು, ತಿಳಿದೆನೆಂದು ಹೇಳಲು ಎಷ್ಟನ್ನು ಸಾಕೆನ್ನುತ್ತಿದ್ದನು ಎಂಬುದು. ಈ ಪ್ರಶ್ನೆಯಿಂದ ಹೊರಟರೆ ೧೮೪೧ರ ಒಂದು ರಾತ್ರಿಯೂ ೧೮೬೫ರ ಒಂದು ವಾರವೂ ಎದುರುಬದುರಾಗಿ ನಿಲ್ಲುತ್ತವೆ.

ಆ ರಾತ್ರಿಯು ಏಪ್ರಿಲ್ ೨೯ರದು. ಫೌಲರ್ಸ್ ಬೇಯಿಂದ ಫೆಬ್ರವರಿ ೨೫ರಂದು ಹೊರಟ ಐವರಲ್ಲಿ ಐರನೂ ಅವನ ಮೇಲ್ವಿಚಾರಕನಾದ ಜಾನ್ ಬ್ಯಾಕ್ಸ್ಟರನೂ ಬಿಳಿಯರು. ವೈಲಿ ಎಂಬ ಯುವಕನೂ ಇನ್ನಿಬ್ಬರು ಹುಡುಗರೂ ಮೂಲನಿವಾಸಿಗಳು. ನೀರು ಎಷ್ಟೋ ದಿನ ಸಿಗುತ್ತಿರಲಿಲ್ಲ. ಸಿಕ್ಕಾಗಲೂ ಬಹಳ ಸಲ ಅದು ಆ ಪ್ರಾಂತದ ಜನರೇ ತೋರಿಸಿಕೊಟ್ಟ ಮರಳದಿಬ್ಬಗಳ ಅಗೆತದಲ್ಲಿ. ಆ ಮೂವರಲ್ಲಿ ಇಬ್ಬರು ಹಸಿವು ತಾಳದೆ ಒಮ್ಮೆ ಬಿಟ್ಟುಹೋಗಿ, ಬೇರೆಲ್ಲಿಯೂ ಗತಿಯಿಲ್ಲದೆ ಹಿಂದಿರುಗಿದ್ದರು. ಐರನು ಅವರನ್ನು ಮತ್ತೆ ಸೇರಿಸಿಕೊಂಡಿದ್ದನು. ಅಂದು ರಾತ್ರಿ ಅವನು ಬಿಡಾರದಿಂದ ದೂರದಲ್ಲಿ ಕುದುರೆಗಳನ್ನು ಕಾಯುತ್ತಿದ್ದಾಗ ಬಂದೂಕಿನ ಬೆಳಕು ಕಂಡಿತು, ಶಬ್ದ ಕೇಳಿತು. ವೈಲಿಯು ಭಯದಿಂದ ಓಡಿಬಂದನು. ಬಿಡಾರದಲ್ಲಿ ಬ್ಯಾಕ್ಸ್ಟರನು ರಕ್ತದ ಮಡುವಿನಲ್ಲಿ ಪ್ರಾಣಬಿಡುತ್ತಿದ್ದನು. ಇಬ್ಬರು ಹುಡುಗರು ಒಳ್ಳೆಯ ಬಂದೂಕುಗಳನ್ನೂ ಆಹಾರದ ಬಹುಭಾಗವನ್ನೂ ಎತ್ತಿಕೊಂಡು ಮಾಯವಾಗಿದ್ದರು. ಉಳಿದದ್ದು ಸುಮಾರು ನಲವತ್ತು ಪೌಂಡು ಹಿಟ್ಟು, ನಾಲ್ಕು ಗ್ಯಾಲನ್ ನೀರು, ಗುಂಡು ಸಿಕ್ಕಿಕೊಂಡ ಒಂದು ಬಂದೂಕು. ನೆಲವೆಲ್ಲ ಹಾಸುಬಂಡೆಯಾದುದರಿಂದ ಶವಕ್ಕೆ ಗುಳಿ ತೋಡಲು ಆಗಲಿಲ್ಲ; ಕಂಬಳಿಯನ್ನು ಸುತ್ತಿ ಅಲ್ಲಿಯೇ ಬಿಟ್ಟು ನಡೆದರು. ಐರನಿಗೆ ಆಗ ಇಪ್ಪತ್ತೈದು ವರ್ಷ.

ಇಂತಹ ಸ್ಥಿತಿಯಲ್ಲಿ ಬರೆದ ಪುಟಗಳನ್ನು ನಾನು ಹಲವು ಬಾರಿ ಓದಿದ್ದೇನೆ. ಭಯಂಕರ ರಸದ ಉತ್ಕರ್ಷಕ್ಕಿಂತ ಅವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದುದು ಇನ್ನೊಂದು. ಐರನು ತಾನು ಕಂಡುದನ್ನು ಕಂಡೆನೆಂದೂ, ಊಹಿಸಿದುದನ್ನು ಊಹಿಸಿದೆನೆಂದೂ ಬೇರೆ ಬೇರೆಯಾಗಿ ಇಟ್ಟಿದ್ದಾನೆ. ಹುಡುಗರು ಕೊಲ್ಲಬೇಕೆಂದೇ ಎದ್ದರೋ, ಕದ್ದು ಓಡುವಾಗ ಬ್ಯಾಕ್ಸ್ಟರನು ಎಚ್ಚತ್ತುದರಿಂದ ಹೆದರಿ ಗುಂಡುಹಾರಿಸಿದರೋ ಎಂದು ತೂಗಿನೋಡಿ, ಎರಡನೆಯದೇ ಸಂಭವವೆಂದು ಎಣಿಸುತ್ತಾನೆ. ವೈಲಿಯ ಮೇಲೆ ಅವನಿಗೆ ಸಂದೇಹವಿತ್ತು. ಓಡಿಹೋಗುವ ಆಲೋಚನೆಯಲ್ಲಿ ಅವನೂ ಇದ್ದಿರಬಹುದು, ಕೊಲೆಯಲ್ಲಿ ಇರಲಾರನು ಎಂದು ಸಂದೇಹಕ್ಕೂ ಮೇರೆಯನ್ನು ಹಾಕುತ್ತಾನೆ. ಸಾಹಚರ್ಯವನ್ನು ವ್ಯಾಪ್ತಿಯೆಂದು ಭ್ರಮಿಸಬಾರದೆಂಬುದು ನಮ್ಮಲ್ಲಿ ತರ್ಕದ ಬಾಲಪಾಠ. ಮೂವರೂ ಒಂದೇ ವರ್ಣದವರು, ಮೂವರೂ ಬಿಡಾರದಲ್ಲಿದ್ದವರು, ಇಬ್ಬರು ಅಪರಾಧಿಗಳು, ಆದುದರಿಂದ ಮೂರನೆಯವನೂ ಅಪರಾಧಿ ಎಂಬ ಅನುಮಾನವು, ಸತ್ತವನ ಪಕ್ಕದಲ್ಲಿ, ಕತ್ತಲಲ್ಲಿ, ಒಬ್ಬೊಂಟಿಗನಿಗೆ ಎಷ್ಟು ಸುಲಭವಾಗಿ ಬಂದೀತು! ಅದನ್ನು ಅವನು ಬರಗೊಡಲಿಲ್ಲ. ಆಮೇಲೆ ಆ ಹುಡುಗರು ದೂರದಿಂದ ಹಿಂಬಾಲಿಸುತ್ತ ವೈಲಿಯನ್ನು ಕೂಗಿ ಕರೆದರು, ವೈಲಿಯು ಹೋಗಲಿಲ್ಲ. ಜೂನ್ ೨ರಂದು ಕಡಲಲ್ಲಿ ಫ್ರೆಂಚರ ತಿಮಿಂಗಿಲಬೇಟೆಯ ಹಡಗು ಕಣ್ಣಿಗೆ ಬೀಳುವ ತನಕ, ಮತ್ತೆ ಅಲ್ಲಿಂದ ಆಲ್ಬನಿಯ ತನಕ, ಇಬ್ಬರೂ ಒಬ್ಬರಿಗೊಬ್ಬರು ಆಧಾರವಾಗಿ ಬಂದರು. ಸಂದೇಹದ ಮೇಲೆ ದಂಡಿಸಿದ್ದರೆ ಐರನೂ ಬದುಕಿ ಬರುತ್ತಿರಲಿಲ್ಲ.

ದಿನಚರಿಯ ಎರಡನೆಯ ಸಂಪುಟದ ಕೊನೆಗೆ ಮೂಲನಿವಾಸಿಗಳ ಆಚಾರವ್ಯವಹಾರಗಳನ್ನು ಕುರಿತ ದೀರ್ಘವಾದ ಭಾಗವಿದೆ. ಅಲ್ಲಿಯ ವಾದವು ಆ ಕಾಲಕ್ಕೆ ಅಸಾಧಾರಣವಾದುದು. ಬಿಳಿಯರು ಆ ಜನರ ನೆಲವನ್ನೂ ನೀರನ್ನೂ ಆಹಾರವನ್ನೂ ಕಿತ್ತುಕೊಂಡರು. ಆದುದರಿಂದ ಅವರು ಈಟಿಯೆತ್ತಿದರೆ ಅದನ್ನು ಸ್ವಭಾವದ ಕ್ರೌರ್ಯವೆನ್ನಲಾಗದು. ಕಲಹಗಳ ವರದಿಯೆಲ್ಲ ಒಂದೇ ಪಕ್ಷದ ಬಾಯಿಂದ ಬಂದುದು, ಇನ್ನೊಂದು ಪಕ್ಷಕ್ಕೆ ಹೇಳಿಕೊಳ್ಳುವ ದಾರಿಯಿಲ್ಲ, ಎಂಬುದು ಅದರ ಸಾರ. ಅಪೌರುಷೇಯವಲ್ಲದ ಮಾತಿಗೆ ವಕ್ತೃವಿನ ಆಪ್ತತ್ವವನ್ನು ಪರೀಕ್ಷಿಸದೆ ಪ್ರಾಮಾಣ್ಯವಿಲ್ಲವೆಂಬುದನ್ನು ಐರನು ಯಾವ ಶಾಸ್ತ್ರವನ್ನೂ ಓದದೆ ಮರ್ರೆ ನದಿಯ ದಂಡೆಯಲ್ಲಿ ಕಲಿತಿದ್ದನು. ೧೮೪೧ರ ಆಗಸ್ಟಿನಲ್ಲಿ ರೂಫಸ್ ನದಿಯ ಬಳಿ ಬಹುಮಂದಿ ಮೂಲನಿವಾಸಿಗಳು ಗುಂಡಿಗೆ ಬಲಿಯಾಗಿದ್ದರು. ಅನಂತರ ಮೂರುಂಡಿಗೆ ಬಂದ ಐರನು ಜನರ ನಡುವೆ ವಾಸಮಾಡಿ, ನಿಯತವಾಗಿ ಹಿಟ್ಟನ್ನು ಹಂಚಿ, ಆ ದಾರಿಯ ಕಾಳಗಗಳನ್ನು ನಿಲ್ಲಿಸಿದನು.

ಆದರೆ ಆ ಭಾಗವನ್ನು ಕೊನೆಯ ವರೆಗೆ ಓದಬೇಕು. ಉಪಕ್ರಮವನ್ನು ಮಾತ್ರ ನೋಡಿ ತಾತ್ಪರ್ಯವನ್ನು ನಿರ್ಣಯಿಸುವವನನ್ನು ಮೀಮಾಂಸಕರು ಒಪ್ಪುವುದಿಲ್ಲ. ಉಪಸಂಹಾರದಲ್ಲಿ ಐರನು ಸರಕಾರಕ್ಕೆ ಕೊಡುವ ಸಲಹೆಯೇನೆಂದರೆ, ಕ್ರಮವಾಗಿ ಆಹಾರವನ್ನು ಕೊಟ್ಟರೆ ಆ ಜನರು ನಮ್ಮ ಹಿಡಿತದಲ್ಲಿರುವರು, ಮಕ್ಕಳನ್ನು ಶಾಲೆಗೆ ಸೇರಿಸಿ ತಿದ್ದಬಹುದು ಎಂಬುದು. ಕೊಡುವ ಕೈ ಮೇಲಿರಬೇಕು, ತೆಗೆದುಕೊಳ್ಳುವ ಕೈ ಕೆಳಗಿರಬೇಕು. ಕೆಳಗಿನವನು ಕೈಯನ್ನು ಚಾಚುವುದಕ್ಕೆ ಬದಲು ಅರ್ಜಿಯನ್ನು ಚಾಚಿದರೆ ಏನು ಮಾಡಬೇಕೆಂಬುದಕ್ಕೆ ಆ ಗ್ರಂಥದಲ್ಲಿ ಉತ್ತರವಿಲ್ಲ. ಮೂರುಂಡಿಯಲ್ಲಿ ಅದು ಬೇಕಾಗಲಿಲ್ಲ.

ಜಮೈಕದಲ್ಲಿ ಬೇಕಾಯಿತು. ಅಲ್ಲಿ ದಾಸ್ಯವು ೧೮೩೪ರಲ್ಲಿ ಕಾಯಿದೆಯಿಂದ ರದ್ದಾಗಿ ೧೮೩೮ರಲ್ಲಿ ಪೂರ್ಣವಾಗಿ ನಿಂತಿತ್ತು. ಆದರೆ ನಾಲ್ಕು ಲಕ್ಷಕ್ಕೆ ಮೇಲ್ಪಟ್ಟ ಜನರಲ್ಲಿ ಮತಾಧಿಕಾರವಿದ್ದವರು ಎರಡು ಸಾವಿರವೂ ಇರಲಿಲ್ಲ. ಅನಾವೃಷ್ಟಿಯಿಂದ ಬೆಳೆ ಹೋಗಿತ್ತು. ಅಮೆರಿಕದ ಅಂತರ್ಯುದ್ಧದಿಂದ ಬಟ್ಟೆ ಕಾಳುಗಳ ಬೆಲೆ ಏರಿತ್ತು. ೧೮೬೫ರ ಜನವರಿಯಲ್ಲಿ ಬ್ಯಾಪ್ಟಿಸ್ಟ್ ಮಿಷನ್ನಿನ ಕಾರ್ಯದರ್ಶಿಯಾದ ಅಂಡರ್‌ಹಿಲ್ ಎಂಬವನು ಜನರ ಕಷ್ಟವನ್ನು ವಸಾಹತು ಮಂತ್ರಿಗೆ ಬರೆದನು. ಆ ಕಾಗದವು ಅಭಿಪ್ರಾಯಕ್ಕಾಗಿ ಐರನಿಗೆ ಬಂದಿತು. ಐರನು ಅದನ್ನು ಜಿಲ್ಲೆಯ ಅಧಿಕಾರಿಗಳಿಗೂ ಪಾದ್ರಿಗಳಿಗೂ ಕಳುಹಿಸಿದನು. ಬ್ಯಾಪ್ಟಿಸ್ಟ್ ಪಾದ್ರಿಗಳು ಕಷ್ಟವು ನಿಜವೆಂದರು. ತೋಟದ ಒಡೆಯರ ಕಡೆಯವರು ಸುಳ್ಳೆಂದರು. ಐರನು ಎರಡನೆಯವರ ಮಾತನ್ನು ಹಿಡಿದನು. ಒಂದು ಪಕ್ಷದ ಬಾಯಿಂದ ಬಂದುದನ್ನು ನಂಬಬಾರದೆಂದು ಇಪ್ಪತ್ತು ವರ್ಷ ಹಿಂದೆ ಅಚ್ಚುಹಾಕಿಸಿದ್ದವನು ಇವನೇ.

ಆಮೇಲೆ ಸೇಂಟ್ ಆನ್ ಪ್ರಾಂತದ ಬಡವರು ಬೇಸಾಯಕ್ಕೆ ಸರಕಾರದ ನೆಲವನ್ನು ಬೇಡಿ ವಿಕ್ಟೋರಿಯ ರಾಣಿಗೆ ಅರ್ಜಿಯನ್ನು ಬರೆದರು. ಐರನು ಪ್ರತಿಕೂಲವಾದ ಒಕ್ಕಣೆಯೊಡನೆ ಅದನ್ನು ಕಳುಹಿಸಿದನು. ಕೂಲಿಗೆ ಎಡೆಬಿಡದೆ ದುಡಿದರೆ ಕಷ್ಟವು ನೀಗುವುದೆಂಬ ಉತ್ತರವು ಲಂಡನ್ನಿನಿಂದ ಬಂದಿತು. ‘ರಾಣಿಯ ಹಿತೋಪದೇಶ’ವೆಂಬ ಹೆಸರಿನಲ್ಲಿ ಅದರ ಐವತ್ತು ಸಾವಿರ ಪ್ರತಿಗಳನ್ನು ಅಚ್ಚುಮಾಡಿಸಿ ಐರನು ದ್ವೀಪದಲ್ಲೆಲ್ಲ ಹಂಚಿಸಿದನು. ಮೂರುಂಡಿಯಲ್ಲಿ ಹಿಟ್ಟನ್ನು ಹಂಚಿದವನು ಇಲ್ಲಿ ಉಪದೇಶವನ್ನು ಹಂಚಿದನು. ಆಗಸ್ಟಿನಲ್ಲಿ ಸ್ಟೋನಿ ಗಟ್ ಎಂಬ ಹಳ್ಳಿಯ ಪಾಲ್ ಬೋಗಲ್ ಎಂಬ ಬ್ಯಾಪ್ಟಿಸ್ಟ್ ಧರ್ಮಸೇವಕನೂ ಅವನ ಸಂಗಡಿಗರೂ ಸುಮಾರು ನಲವತ್ತೈದು ಮೈಲಿ ನಡೆದು, ಗವರ್ನರನನ್ನು ಕಾಣಲು ಸ್ಪ್ಯಾನಿಷ್ ಟೌನಿಗೆ ಬಂದರು. ಅವರಿಗೆ ದರ್ಶನವು ದೊರೆಯಲಿಲ್ಲ. ಮರಳುಗಾಡನ್ನು ಕಾಲ್ನಡೆಯಿಂದ ದಾಟಿದವನಿಗೆ ನಲವತ್ತೈದು ಮೈಲಿಯ ಅರ್ಥವು ತಿಳಿಯದೆ ಹೋಯಿತೆಂದು ಹೇಳಲು ನನಗೆ ಮನಸ್ಸು ಬಾರದು. ಆದರೆ ನಡೆದುದು ಹೀಗೆ.

ಅಕ್ಟೋಬರ್ ೧೧ರಂದು ಮೊರಂಟ್ ಬೇಯ ನ್ಯಾಯಸ್ಥಾನದ ಮುಂದೆ ಬೋಗಲನ ಹಿಂದೆ ಬಂದ ಗುಂಪಿಗೂ ಸ್ವಯಂಸೇವಕ ಸೈನಿಕರಿಗೂ ಘರ್ಷಣೆಯಾಯಿತು. ಕಲ್ಲುಗಳು ಬಿದ್ದವು, ಸೈನಿಕರ ಗುಂಡಿಗೆ ಏಳು ಮಂದಿ ಸತ್ತರು, ಬಳಿಕ ಗುಂಪು ಕಟ್ಟಡಕ್ಕೆ ಬೆಂಕಿಯಿಟ್ಟು, ಪ್ರಾಂತದ ಮುಖ್ಯಾಧಿಕಾರಿಯೂ ಸೇರಿ ಹದಿನೆಂಟು ಮಂದಿಯನ್ನು ಕೊಂದಿತು. ಇದು ಘೋರವೇ, ಇದನ್ನು ಮರೆಮಾಚಿ ಐರನನ್ನು ದೂರುವುದು ಅಪ್ರಾಮಾಣಿಕತೆ. ೧೩ರಂದು ಸರ್ರೆ ಜಿಲ್ಲೆಗೆ ಸೈನಿಕ ಶಾಸನವು ಘೋಷಿತವಾಯಿತು. ಕಿಂಗ್‌ಸ್ಟನ್ ನಗರವನ್ನು ಘೋಷಣೆಯೇ ಹೊರಗಿಟ್ಟಿತ್ತು. ಜಾರ್ಜ್ ವಿಲಿಯಂ ಗಾರ್ಡನ್ ಇದ್ದುದು ಆ ಕಿಂಗ್‌ಸ್ಟನ್ನಿನಲ್ಲಿ. ಸ್ಕಾಟಿಷ್ ತೋಟಗಾರನಿಗೂ ದಾಸಿಯಾದ ಸ್ತ್ರೀಗೂ ಹುಟ್ಟಿದ ಇವನು ಶಾಸನಸಭೆಯಲ್ಲಿ ಐರನ ಕಡುವಿರೋಧಿ. ೧೮೬೨ರಲ್ಲಿ ಮೊರಂಟ್ ಬೇಯ ಬಂದೀಖಾನೆಯ ದುಃಸ್ಥಿತಿಯನ್ನು ಬಯಲಿಗೆಳೆದುದಕ್ಕಾಗಿ ಮ್ಯಾಜಿಸ್ಟ್ರೇಟ್ ಪದವಿಯಿಂದ ಐರನೇ ಅವನನ್ನು ತೆಗೆದುಹಾಕಿದ್ದನು. ಗಲಭೆಯ ದಿನ ಗಾರ್ಡನ್ ಅಲ್ಲಿರಲಿಲ್ಲ. ಅಕ್ಟೋಬರ್ ೧೭ರಂದು ತಾನಾಗಿಯೇ ಅಧಿಕಾರಿಗಳೆದುರು ಬಂದು ನಿಂತವನನ್ನು ಐರನು ಸೆರೆಹಿಡಿದು, ಹಡಗಿನಲ್ಲಿ ಸೈನಿಕ ಶಾಸನವಿದ್ದ ಮೊರಂಟ್ ಬೇಗೆ ಸಾಗಿಸಿದನು. ೨೧ರಂದು ಮೂವರು ಕಿರಿಯ ಅಧಿಕಾರಿಗಳ ಸೈನಿಕ ನ್ಯಾಯಾಲಯವು ವಿಚಾರಿಸಿತು, ಐರನು ತೀರ್ಪಿಗೆ ಒಪ್ಪಿಗೆಯಿತ್ತನು, ೨೩ರಂದು ಗಲ್ಲಾಯಿತು. ಮರುದಿನ ಬೋಗಲನಿಗೂ ಅದೇ ಗತಿ.

ಇಲ್ಲಿ ಪ್ರಮಾಣವೇನು? ಪ್ರತ್ಯಕ್ಷವಿಲ್ಲ. ಗಾರ್ಡನ್ನನು ಸಭೆಗಳಲ್ಲಿ ಆಡಿದ ಮಾತುಗಳು ಜನರನ್ನು ಕೆರಳಿಸಿದುವು, ಕೆರಳಿದವರು ಕೊಂದರು, ಆದುದರಿಂದ ಅವನೇ ಮೂಲ ಎಂಬ ಅನುಮಾನ ಮಾತ್ರ. ಮಾತಿಗೂ ಕೊಲೆಗೂ ನಡುವೆ ಸಂಬಂಧವನ್ನು ತೋರಿಸಬಲ್ಲ ಹೇತುವು ನ್ಯಾಯಾಲಯದ ಮುಂದೆ ಬರಲಿಲ್ಲ. ಬಂದ ಸಾಕ್ಷ್ಯದಲ್ಲಿಯೂ ಒಂದು ಭಾಗವು ಎದುರಿಗಿಲ್ಲದವರ ಬರವಣಿಗೆ. ೧೮೬೬ರ ರಾಯಲ್ ಕಮಿಷನ್ನು ಐರನ ಚುರುಕುತನವನ್ನು ಹೊಗಳಿತು, ನಿಜ. ಆದರೆ ಗಾರ್ಡನ್ನನ ಅಪರಾಧಕ್ಕೆ ಸಾಕ್ಷ್ಯವು ಸಾಲದೆಂದೂ, ಶಿಕ್ಷೆಗಳು ಅತಿಯಾದುವೆಂದೂ ಹೇಳಿತು. ಅದರ ಲೆಕ್ಕದಲ್ಲಿ ಸತ್ತವರು ೪೩೯, ಚಾಟಿಯೇಟು ತಿಂದವರು ೬೦೦ ಮಂದಿ, ಸುಟ್ಟ ಮನೆಗಳು ೧,೦೦೦.

ಐರನ ಪಕ್ಷದವರ ಮುಖ್ಯವಾದ ಪೂರ್ವಪಕ್ಷವು ಭಯದ್ದು. ಬಿಳಿಯರು ಅಲ್ಪಸಂಖ್ಯಾತರು, ಎಂಟು ವರ್ಷ ಹಿಂದಿನ ಕಾನ್ಪುರವು ಎಲ್ಲರ ನೆನಪಿನಲ್ಲಿತ್ತು, ವಿಚಾರಿಸುತ್ತ ಕುಳಿತರೆ ದ್ವೀಪವೇ ಹೋಗುತ್ತಿತ್ತು ಎನ್ನುತ್ತಾರೆ. ನಮ್ಮ ದೇಶದವರಿಗೆ ಈ ವಾದದ ಧ್ವನಿ ೧೯೧೯ರ ಅಮೃತಸರದ ಪ್ರಕರಣದಿಂದ ಚಿರಪರಿಚಿತ. ಇದಕ್ಕೆ ಉತ್ತರವನ್ನು ಮಿಲ್ಲನ ಭಾಷಣಗಳಲ್ಲಿ ಹುಡುಕಬೇಕಾಗಿಲ್ಲ. ಐರನ ದಿನಚರಿಯಲ್ಲಿಯೇ ಇದೆ. ಭಯವು ವಿಚಾರವನ್ನು ಕೆಡಿಸಲೇಬೇಕೆಂದಿದ್ದರೆ ಏಪ್ರಿಲ್ ೨೯ರ ರಾತ್ರಿ ಕೆಡಿಸಬೇಕಾಗಿತ್ತು. ಅಂದು ಅವನಿಗೆ ಸೈನ್ಯವಿರಲಿಲ್ಲ, ಹಡಗಿರಲಿಲ್ಲ, ಹಾರುವ ಬಂದೂಕೂ ಇರಲಿಲ್ಲ. ೧೮೬೫ರ ಅಕ್ಟೋಬರ್ ಮೂರನೆಯ ವಾರಕ್ಕೆ ಗಲಭೆಯು ಅಡಗಿತ್ತು, ಗಾರ್ಡನ್ ಸೆರೆಯಲ್ಲಿದ್ದನು, ಕಿಂಗ್‌ಸ್ಟನ್ನಿನಲ್ಲಿ ಸಾಧಾರಣ ನ್ಯಾಯಸ್ಥಾನಗಳು ತೆರೆದಿದ್ದುವು. ಭಯವು ಹೆಚ್ಚಿದ್ದಲ್ಲಿ ವಿಚಾರವು ಸರಿಯಾಗಿಯೂ, ಭಯವು ತಗ್ಗಿದಲ್ಲಿ ತಪ್ಪಾಗಿಯೂ ನಡೆದಿರುವಾಗ ಭಯವನ್ನು ಕಾರಣವೆನ್ನುವುದು ವ್ಯಭಿಚಾರಿ ಹೇತು. ಮರಳುಗಾಡಿನಲ್ಲಿ ವೈಲಿಯ ವಿಷಯದಲ್ಲಿ ತಪ್ಪು ಊಹಿಸಿದರೆ ಅದರ ಫಲವನ್ನು ಐರನೇ ಉಣ್ಣಬೇಕಾಗಿತ್ತು. ಗಾರ್ಡನ್ನನ ವಿಷಯದಲ್ಲಿ ತಪ್ಪು ಊಹಿಸಿದರೆ ಉಣ್ಣುವವನು ಗಾರ್ಡನ್ನನು. ನನಗೆ ತೋರುವ ಕಾರಣವು ಇದು. ಡಟನ್ನನು ಮರಳುಗಾಡನ್ನು ಅಷ್ಟು ಚೆನ್ನಾಗಿ ವರ್ಣಿಸಿಯೂ ಈ ಎರಡು ಪ್ರಸಂಗಗಳನ್ನು ಪ್ರಮಾಣದ ತಕ್ಕಡಿಯಲ್ಲಿ ಒಟ್ಟಿಗೆ ಇಡಲಿಲ್ಲವೆಂಬುದು ನನ್ನ ಆಕ್ಷೇಪ. ಇವಾನ್ಸರ ಗ್ರಂಥವು ಐರನಿಗಿಂತ ಆಳ್ವಿಕೆಯ ಕ್ರಮಕ್ಕೆ ಹೆಚ್ಚು ಹೊಣೆಯನ್ನು ಹೊರಿಸುತ್ತದೆ. ಅದು ಬಹುಮಟ್ಟಿಗೆ ಸರಿ. ಆದರೆ ಕ್ರಮವು ಅವನಿಗೆ ತಪ್ಪನ್ನು ಸುಲಭಮಾಡಿತೇ ಹೊರತು, ಘೋಷಣೆಯ ಗಡಿಯನ್ನು ದಾಟಿಸಿ ಒಬ್ಬನನ್ನು ಹಡಗಿಗೆ ಹತ್ತಿಸಿದ ಕೈ ಐರನದೇ.

ಇಂಗ್ಲೆಂಡಿನಲ್ಲಿ ನಡೆದ ವಾಗ್ಯುದ್ಧವನ್ನು ಎಲ್ಲರೂ ವಿಸ್ತರಿಸಿದ್ದಾರೆ, ನಾನು ವಿಸ್ತರಿಸುವುದಿಲ್ಲ. ಮಿಲ್, ಡಾರ್ವಿನ್, ಹಕ್ಸ್ಲಿ, ಸ್ಪೆನ್ಸರ್ ಒಂದು ಕಡೆ. ಕಾರ್ಲೈಲ್, ರಸ್ಕಿನ್, ಡಿಕನ್ಸ್, ಟೆನಿಸನ್ ಇನ್ನೊಂದು ಕಡೆ. ಕವಿಗಳೂ ಗದ್ಯಕವಿಗಳೂ ಗವರ್ನರನ ಕಡೆಗೂ, ಪ್ರಮಾಣವನ್ನು ಪರೀಕ್ಷಿಸುವುದನ್ನು ವೃತ್ತಿಮಾಡಿಕೊಂಡವರಲ್ಲಿ ಬಹುಮಂದಿ ಗಾರ್ಡನ್ನನ ಕಡೆಗೂ ನಿಂತುದು, ಅಲಂಕಾರವನ್ನೇ ಜೀವನೋಪಾಯ ಮಾಡಿಕೊಂಡ ನನ್ನಂಥವನಿಗೆ ಸ್ವಲ್ಪ ನಾಚಿಕೆಯ ವಿಷಯ. ೧೮೬೮ರಲ್ಲಿ ಗ್ರ್ಯಾಂಡ್ ಜೂರಿಯು ಆರೋಪವನ್ನು ಒಪ್ಪಲಿಲ್ಲ. ೧೮೭೦ರಲ್ಲಿ ಫಿಲಿಪ್ಸ್ ಎಂಬವನು ತಂದ ವ್ಯಾಜ್ಯವು ಜಮೈಕದ ಶಾಸನಸಭೆಯು ಮಾಡಿದ್ದ ಕ್ಷಮಾ ಕಾಯಿದೆಯ ಬಲದಿಂದ ಬಿದ್ದುಹೋಯಿತು. ೧೮೭೪ರಲ್ಲಿ ಐರನಿಗೆ ಗವರ್ನರಿಕೆಯ ಪಿಂಚಣಿಯು ಬಂದಿತು.

ಐರನ ಚರಿತ್ರಕಾರರು ಇನ್ನೂ ಮಾಡದೆ ಬಿಟ್ಟ ಕೆಲಸವೊಂದಿದೆ. ದಿನಚರಿಯ ಏಪ್ರಿಲ್ ಕೊನೆಯ ಪುಟಗಳನ್ನೂ, ೧೮೬೫ರ ಅಕ್ಟೋಬರಿನಲ್ಲಿ ಅವನು ಮಂತ್ರಿಗೆ ಬರೆದ ನಿರೂಪಗಳನ್ನೂ ಅಕ್ಕಪಕ್ಕದಲ್ಲಿಟ್ಟು ಒಂದೇ ಸಂಪುಟದಲ್ಲಿ ಅಚ್ಚುಮಾಡಬೇಕು. ಟಿಪ್ಪಣಿಗಳು ಬೇಡ. ಇಂದು ಜಮೈಕದ ಶಾಸನಸಭೆಯು ಸೇರುವ ಮಂದಿರಕ್ಕೆ ಗಾರ್ಡನ್ ಮಂದಿರವೆಂದೇ ಹೆಸರು. ಅವನೂ ಬೋಗಲನೂ ಆ ರಾಷ್ಟ್ರದ ವೀರರಾಗಿ ಗೌರವವನ್ನು ಪಡೆದಿದ್ದಾರೆ. ವೈಲಿಯಾದರೋ ಆಲ್ಬನಿಯಲ್ಲಿ ತನ್ನ ಜನರೊಡನೆ ಉಳಿದನು. ಐರನ ಕೋರಿಕೆಯಂತೆ ಸರಕಾರವು ಅವನಿಗೆ ಪಡಿಯನ್ನು ಗೊತ್ತುಮಾಡಿತು. ಆ ರಾತ್ರಿಯನ್ನು ಕಂಡಿದ್ದ ಅವನ ಹೇಳಿಕೆಯನ್ನು ಯಾರೂ ಬರೆದುಕೊಳ್ಳಲಿಲ್ಲ. ಚರಿತ್ರಗ್ರಂಥಗಳಲ್ಲಿ ಆಲ್ಬನಿಯನ್ನು ಮುಟ್ಟಿದ ಪುಟದ ಮುಂದೆ ಅವನ ಹೆಸರು ಬಹಳ ಅಪರೂಪ.